ಲಿಪ್‌ಸ್ಟಿಕ್ಕಿಗೆ ಟೈಮಿತ್ತು, ಬೊಟ್ಟಿಗಿರ್ಲಿಲ್ವಾ?

ಭಾನುವಾರ ಸೀಮಂತಕ್ಕೆ ಹೋಗಿದ್ನಲ್ಲ, ಬಂದಾಗಿಂದ ನಮ್ಮ ಅಕ್ಕ, ಅಂದ್ರೆ ನನ್ನ ಓರಗಿತ್ತಿ, ಆಡಿದ ಮಾತು ತಲೇಲಿ ಕೊರೀತಾನೇ ಇದೆ. ಊಟದ ಪಂಕ್ತೀಲಿ, ಎಲ್ಲರಿಗೂ ಕೇಳೋ ಹಾಗೆ, "ಏನೇ, ಲಿಪ್‌ಸ್ಟಿಕ್ ಹಚ್ಕೊಳ್ಳೋಕೆ ಟೈಮಿತ್ತು, ಬೊಟ್ಟಿಟ್ಕೊಳ್ಳೋಕೆ ಇರ್ಲಿಲ್ವಾ?" ಪಕ್ಕದೋರು ಕಿಸಕ್ ಅಂದ್ರು. ನಾನೂ ನಕ್ಕೆ, ಬಾಯ್ತುಂಬ ಹೋಳಿಗೆ ಇತ್ತು, ಬೇರೇನ್ ಮಾಡ್ಲಿ.

ನನ್ನ ಹಣೆ ಮಧ್ಯ ಕಡ್ಲೆಕಾಳಿನಷ್ಟು ಜಾಗ ಬೆಳ್ಳಗಾಗಿದೆ. ತೊನ್ನು ಅಂತ ಹೆದರಿ ಸ್ಕಿನ್ ಡಾಕ್ಟರ್ ಹತ್ರ ಹೋದ್ರೆ, ನನ್ನ ಮಗಳಿಗಿಂತ ಚಿಕ್ಕೋಳು ಆ ಹುಡುಗಿ, ನೋಡಿದ ತಕ್ಷಣ "ಸ್ಟಿಕ್ಕರ್ ಇಡ್ತೀರಾ ಆಂಟಿ, ರಾತ್ರೀನೂ ತೆಗಿಯಲ್ವಾ" ಅಂದ್ಲು. ಸ್ಟಿಕ್ಕರ್ ಗೋಂದಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಅಂತ ಒಂದು ಕೆಮಿಕಲ್ ಇರುತ್ತಂತೆ (ಚೀಟೀಲಿ ಬರೆಸ್ಕೊಂಡು ಬಂದಿದೀನಿ), ಕೆಲವ್ರಿಗೆ ಅದು ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನೇ ಸಾಯಿಸಿಬಿಡುತ್ತಂತೆ. ಬಣ್ಣ ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು. ಕುಂಕುಮಾನೂ ಸದ್ಯಕ್ಕೆ ಬೇಡ ಅಂದ್ಲು, ಅಗ್ಗದ ಕುಂಕುಮದಲ್ಲಿ ಅರಿಶಿನ ಸುಣ್ಣ ಎಲ್ಲಿರುತ್ತೆ, ಬರೀ ಬಣ್ಣ. ಅದಕ್ಕೇ ಸೀಮಂತದಲ್ಲಿ ಕುಂಕುಮದ ಭರಣಿ ಹಿಡ್ಕೊಂಡು ಬಂದೋರಿಗೆ ತಾಳಿ ತೋರಿಸಿ "ಇಲ್ಲಿಗಿಡಿ" ಅಂದೆ. ಅಕ್ಕ ಅದನ್ನ ದೂರದಿಂದ ನೋಡಿದ್ಲು ಅನ್ಸುತ್ತೆ.

ತಮಾಷೆ ಏನಪ್ಪಾ ಅಂದ್ರೆ ಲಿಪ್‌ಸ್ಟಿಕ್ಕಿಂದ ನನಗೆ ಇವತ್ತಿನವರೆಗೂ ಏನೂ ಆಗಿಲ್ಲ. 62 ವಯಸ್ಸಿನ ಹೆಂಗಸು ತುಟಿಗೆ ಬಣ್ಣ ಹಚ್ಚಿದ್ರೆ "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ" ಅನ್ನೋರು ಕಾಸಗಲ ಸ್ಟಿಕ್ಕರ್ ಅಂಟಿಸ್ಕೊಂಡ್ರೆ ಎಷ್ಟು ಲಕ್ಷಣ ಅಂತಾರೆ. ಅದು ಮೇಕಪ್ ಲೆಕ್ಕಕ್ಕೇ ಬರಲ್ಲ ಅವರಿಗೆ! ನಮ್ಮತ್ತೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡ್ತಿದ್ರು, ಬೆಳಿಗ್ಗೆ ಸ್ನಾನಕ್ಕೆ ತೊಳೆದು ಮತ್ತೆ ಹೊಸದಾಗಿ. ನಮಗೆ ಅಷ್ಟು ಪುರುಸೊತ್ತೆಲ್ಲಿ, ಸ್ಟಿಕ್ಕರ್ ಬಂದ್ಮೇಲೆ ಸ್ನಾನಕ್ಕೆ ಮುಂಚೆ ಬಚ್ಚಲ ಕನ್ನಡಿಗೆ, ಆಮೇಲೆ ಮತ್ತೆ ಹಣೆಗೆ, ಗೋಂದು ಸಾಯೋವರೆಗೂ ಅದೇ.

ನನ್ನ ಮೇಕಪ್ಪಾದ್ರೂ ಎಷ್ಟು. ಮುಖ ತೊಳೆದು ಇನ್ನೂ ಒದ್ದೆ ಇರುವಾಗ್ಲೇ ಮಾಯಿಶ್ಚರೈಸರ್, ಮುಟ್ಟು ನಿಂತ್ಮೇಲೆ ಚರ್ಮದಲ್ಲಿ ಎಣ್ಣೆಯಂಶ ಕಮ್ಮಿ ಆಗುತ್ತಲ್ಲ, ಒಣಗಿದ ಮುಖಕ್ಕೆ ಏನ್ ಬಳಿದ್ರೂ ಬಿರುಕು ಬಿಟ್ಟ ಹಾಗೇ ಕಾಣುತ್ತೆ. ಆಮೇಲೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್, ತರಕಾರಿಗೆ ಹೋಗೋದಿದ್ರೂ ಸರಿ. ಪೌಡರ್ ಬಿಟ್ಟೆ, ಸುಕ್ಕಿನೊಳಗೆ ಹೋಗಿ ಕೂತ್ಕೊಳ್ಳುತ್ತೆ, ಅತ್ತ ಬೆಳ್ಳಗೂ ಅಲ್ಲ ಇತ್ತ ನಮ್ಮ ಬಣ್ಣಾನೂ ಅಲ್ಲ. ಹುಬ್ಬು ತೆಳ್ಳಗಾಗಿದೆ, ಅದಕ್ಕೆ ಕಂದು ಪೆನ್ಸಿಲ್, ಕಪ್ಪು ಹಾಕಿದ್ರೆ ನಾಟಕದ ವೇಷ. ಕಾಡಿಗೆ ಕೆಳಗಿನ ರೆಪ್ಪೆಗೆ ಹಚ್ಚಿದ್ರೆ ಮಧ್ಯಾಹ್ನದೊಳಗೆ ಕೆನ್ನೆಗಿಳಿಯುತ್ತೆ, ಮೇಲಿಂದು ಸಾಕು. ಕೊನೇಗೆ ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್, ಅದರದ್ದೇ ಚೂರು ಬೆರಳಲ್ಲಿ ಕೆನ್ನೆಗೆ. ಯಾರನ್ನ ಮೆಚ್ಚಿಸೋಕೆ ಅಂತ ಕೇಳ್ತಾರೆ. ನಮ್ಮನೆಯವ್ರು ಪೇಪರಿಂದ ತಲೆ ಎತ್ತಲ್ಲ, ಅವರನ್ನಂತೂ ಅಲ್ಲ. ನಂಗಿಷ್ಟ, ಅಷ್ಟೇ.

ಅಕ್ಕನಿಗೆ ಅಲ್ಲೇ ಉತ್ತರ ಕೊಡಬಹುದಿತ್ತು, ಡಾಕ್ಟರ್ ಬೇಡ ಅಂದಿದಾರೆ ಅಂತ. ಆದ್ರೆ ಮುತ್ತೈದೆ ಹಣೆ ಖಾಲಿ ಇದ್ರೆ ಡಾಕ್ಟರ್ ಚೀಟಿ ಯಾಕೆ ತೋರಿಸ್ಬೇಕು ಅಂತ ಒಳಗೊಳಗೇ ಹಠ. ಬಾಯಿ ಒಳ್ಳೇದಲ್ಲ ಅವಳದ್ದು, ಆದ್ರೆ ನನ್ನ ಎರಡೂ ಬಾಣಂತನದಲ್ಲಿ ಎಣ್ಣೆನೀರು ಹಾಕಿದೋಳೂ ಅವಳೇ, ಪೂರ್ತಿ ಬೈಯೋಕೂ ಆಗಲ್ಲ.

ಕೈ ತೊಳೆಯೋವಾಗ ನೋಡ್ದೆ, ಬೆವರಿಗೆ ಅವಳ ಸ್ಟಿಕ್ಕರ್ ಒಂಚೂರು ಜರುಗಿತ್ತು, ಅಂಚಲ್ಲಿ ಬಿಳಿ. ನಂದಕ್ಕಿಂತ ದೊಡ್ಡದೇ ಇರ್ಬೇಕು. "ಅಕ್ಕಾ, ಮನೆಗೋಗಿ ಅದನ್ನ ತೆಗ್ದು ಒಂದ್ಸಲ ಹಣೆ ನೋಡ್ಕೋ" ಅಂದ್ರೆ "ಶುಭಕಾರ್ಯದಲ್ಲಿ ಅದೇನು ಅಪಶಕುನದ ಮಾತು" ಅಂತ ರೇಗಿದ್ಲು. ನಿನ್ನೆ ಅವಳ ಸೊಸೆಗೆ ಫೋನ್ ಮಾಡಿ, ರಾತ್ರಿ ಮಲಗುವಾಗಾದ್ರೂ ತೆಗೆಸಮ್ಮಾ ಅಂದೆ. "ನೀವೇ ಹೇಳಿ ಚಿಕ್ಕತ್ತೆ, ನಂಗಷ್ಟು ಧೈರ್ಯ ಇಲ್ಲ" ಅಂದ್ಲು.