ಅಪ್ಪನ ಹೆಬ್ಬೆರಳು ಕಲಿಯುತ್ತಿರುವ ಆ್ಯಪ್: ಮೂರನೇ ತಿಂಗಳು

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಾಜರಿ, ಹಣ್ಣಿನ ತೂಕ, ಅಡ್ವಾನ್ಸ್, ಮಳೆ, ಗೊಬ್ಬರ, ಡೀಸೆಲ್ ಎಲ್ಲದರ ಲೆಕ್ಕಕ್ಕೂ ಅಪ್ಪನಿಗೆಂದೇ ಆ್ಯಪ್ ಮಾಡುತ್ತಿದ್ದೇನೆ. ಒಟ್ಟು ಹನ್ನೆರಡು ಬಟನ್. ಯಾವ ಹೊತ್ತಿಗೆ ಯಾವುದು ಬೇಕು ಅನ್ನೋದನ್ನು ಫೋನೇ ಕಲಿಯಬೇಕು. ತೋಟದಲ್ಲಿ ನೆಟ್‌ವರ್ಕ್ ಸಿಗೋದು ಕಷ್ಟ, ಹಾಗಾಗಿ ಕಲಿಕೆಯೆಲ್ಲ ಫೋನಿನೊಳಗೇ.

ಡಿಸೆಂಬರ್, ಎರಡನೇ ವಾರ

ಹೆಚ್ಚು ಒತ್ತಿದ ಬಟನ್ ತಾನಾಗಿ ಮೇಲಕ್ಕೆ ಬರುವಂತೆ ಮಾಡಿದ್ದೆ. ಅರೇಬಿಕಾ ಕುಯ್ಲು ಜೋರಾಗಿತ್ತು. ಸಂಜೆ ಚೀಲ ತೂಗುವಾಗ ಅಪ್ಪ ತಕ್ಕಡಿ ಕಡೆ ಕಣ್ಣಿಟ್ಟು, ಫೋನ್ ನೋಡದೆಯೇ ಒತ್ತಿದರು. 42 ಕೆಜಿ ಹಣ್ಣು ಹೋಗಿ ಅಡ್ವಾನ್ಸ್ ಪುಟದಲ್ಲಿ 42 ರೂಪಾಯಿಯಾಗಿ ಕೂತಿತು.

"ನಿನ್ನೆ ಇಲ್ಲೇ ಇತ್ತಲ್ಲೋ ಮಾರಾಯ, ಎಲ್ಲಿಗೆ ಹೋಯ್ತು?"

ಆ ರಾತ್ರಿ ಹಳೆಯ ಸಂಶೋಧನೆಗಳನ್ನು ಹುಡುಕಿ ಓದಿದೆ. ಆಫೀಸ್ 2000ದಲ್ಲಿ ಮೈಕ್ರೋಸಾಫ್ಟ್ ಕಡಿಮೆ ಬಳಸುವ ಮೆನು ಸಾಲುಗಳನ್ನು ಅಡಗಿಸುತ್ತಿತ್ತು. 2007ರಲ್ಲಿ ಆ ಮೆನುಗಳ ಬದಲು ಬಟನ್‌ಗಳ ಅಗಲ ಪಟ್ಟಿ, ಅಂದರೆ ರಿಬ್ಬನ್ ಬಂತು. ಫಿಂಡ್‌ಲೇಟರ್ ಮತ್ತು ಮೆಕ್‌ಗ್ರೆನೆರ್ ಎಂಬ ಸಂಶೋಧಕರು 2004ರಲ್ಲಿ ಮಾಡಿದ ಪ್ರಯೋಗದಲ್ಲಿ, ತಾನಾಗಿ ಬದಲಾಗುವ ಮೆನುವಿಗಿಂತ ಜಾಗ ಬಿಟ್ಟು ಕದಲದ ಮೆನುವೇ ವೇಗವಾಗಿತ್ತು. 2006ರಲ್ಲಿ ಗಾಯೋಸ್ ಮತ್ತು ಸಂಗಡಿಗರು ಪರೀಕ್ಷಿಸಿದ ಇನ್ನೊಂದು ದಾರಿ ನನಗೆ ಹಿಡಿಸಿತು: ಬಟನ್ ಇದ್ದಲ್ಲೇ ಇರಲಿ, ಬೇಕಾಗಬಹುದಾದ್ದರ ನಕಲು ಮಾತ್ರ ಬೇರೆ ಪಟ್ಟಿಯಲ್ಲಿ ಬರಲಿ.

ಈಗ ಹನ್ನೆರಡೂ ತಮ್ಮ ಜಾಗದಲ್ಲೇ ಇವೆ. ಮೇಲೆ ಮೂರು ನಕಲುಗಳ ಒಂದು ಸಾಲು. ಬೆಳಿಗ್ಗೆ ಅಲ್ಲಿ ಹಾಜರಿ, ಸಂಜೆ ತೂಕ. ಅಪ್ಪನಿಗೆ ಬೇಕೆನಿಸಿದರೆ ನೋಡುತ್ತಾರೆ, ಇಲ್ಲದಿದ್ದರೆ ಕೈ ಹಳೆಯ ಜಾಗಕ್ಕೇ ಹೋಗುತ್ತದೆ.

ಜನವರಿ

ಅಪ್ಪನ ಬಲಗೈ ಹೆಬ್ಬೆರಳಲ್ಲಿ ಹಳೆಯ ಕತ್ತಿ ಗಾಯವಿದೆ. ತುದಿ ಸ್ವಲ್ಪ ಸೊಟ್ಟ, ಚರ್ಮ ದಪ್ಪ. ಒತ್ತಿದ್ದು ತಪ್ಪಾದರೆ ತಕ್ಷಣ 'ಹಿಂದಕ್ಕೆ' ಒತ್ತಿ ಪಕ್ಕದ್ದನ್ನು ಮುಟ್ಟುತ್ತಾರೆ. ಆ ಎರಡನೇ ಒತ್ತು ನನಗೆ ಚಿನ್ನದಂಥದ್ದು, ಅವರಿಗೆ ನಿಜವಾಗಿ ಬೇಕಿದ್ದದ್ದು ಯಾವುದು ಅಂತ ಅದೇ ಹೇಳುತ್ತದೆ. ಅಂಥವನ್ನೆಲ್ಲ ಜೋಡಿಸಿ ನೋಡಿದಾಗ ಬೆರಳು ಗುರಿಗಿಂತ ಸುಮಾರು 3 ಮಿ.ಮೀ. ಕೆಳಕ್ಕೆ, ಕೊಂಚ ಬಲಕ್ಕೆ ಬೀಳುತ್ತಿತ್ತು. ಬಟನ್ನಿನ ಚಿತ್ರ ಮುಟ್ಟಲಿಲ್ಲ. ಸ್ಪರ್ಶ ಹಿಡಿಯುವ ಜಾಗವನ್ನಷ್ಟೇ ಅತ್ತ ಸರಿಸಿದೆ. ಏನು ಬದಲಾಯಿತೆಂದು ಅಪ್ಪನಿಗೆ ಹೇಳಿಲ್ಲ. ನಾಲ್ಕು ದಿನ ಬಿಟ್ಟು ಅವರೇ "ಫೋನ್ ಈಗ ಮಾತು ಕೇಳ್ತಿದೆ" ಅಂದರು. ಈ ಕೆಲಸದಲ್ಲಿ ಇಷ್ಟು ಖುಷಿ ಇದುವರೆಗೆ ಆಗಿರಲಿಲ್ಲ.

ಫೆಬ್ರವರಿ

ರೋಬಸ್ಟಾ ಕುಯ್ಲು ನಡೆಯುತ್ತಿದೆ. ಹಳೆಯ ಒತ್ತುಗಳ ಬೆಲೆ ಪ್ರತಿ ಹತ್ತು ದಿನಕ್ಕೆ ಅರ್ಧವಾಗುವಂತೆ ಲೆಕ್ಕ ಇಟ್ಟಿದ್ದೇನೆ, ಇಲ್ಲದಿದ್ದರೆ ಮುಗಿದ ಕೆಲಸವೇ ಮೇಲಿನ ಸಾಲಲ್ಲಿ ಕೂತಿರುತ್ತದೆ. ಆದರೆ ಇದರಿಂದ 'ಮಳೆ' ಬಟನ್ ಪೂರ್ತಿ ಮರೆತುಹೋಗಿದೆ. ಇನ್ನೇನು ಕಾಫಿ ಹೂ ಅರಳಿಸುವ ಹೂಮಳೆ ಬರುವ ಕಾಲ, ಬೆಳಿಗ್ಗೆ ಮಳೆಮಾಪಕ ನೋಡಿದ ಕೂಡಲೇ ಬೇಕಾಗುವುದು ಅದೇ. ಮೂರು ತಿಂಗಳ ಒತ್ತುಗಳಿಂದ ಮಲೆನಾಡಿನ ಒಂದು ವರ್ಷವನ್ನು ಯಾವ ಮಾಡೆಲ್ಲೂ ಕಲಿಯಲಾರದು.

ಅದಕ್ಕೆ ಅಪ್ಪನ ಹಳೆಯ ಡೈರಿಗಳನ್ನು ಕೆಳಗಿಳಿಸಿದ್ದೇವೆ. ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ದಿನದಿನದ ಮಳೆ. ಊಟವಾದ ಮೇಲೆ ಅವರು ಓದುತ್ತಾರೆ, "ಒಂದು ಇಂಚು ಹತ್ತು ಸೆಂಟ್, ಹೂಮಳೆ", ನಾನು ತಾರೀಖಿನ ಜೊತೆ ಟೈಪ್ ಮಾಡುತ್ತೇನೆ. ನಮ್ಮ ಕಡೆ ಗುಡ್ಡ ಕುಸಿದ 2019ರ ಆಗಸ್ಟ್ ಪುಟಗಳಲ್ಲಿ ಶಾಯಿ ಹರಡಿಕೊಂಡಿದೆ, ಅಲ್ಲಿ ಅಪ್ಪ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಇನ್ನೂ ನಾಲ್ಕು ಡೈರಿ ಬಾಕಿ ಇವೆ.