ಕ್ರಿಯಾಟಿನಿನ್ ನೋಡಿದಿರಿ, ಪಾದ ನೋಡಿದಿರಾ?

ಡೊಂಬಿವಲಿಯಲ್ಲಿ ನನ್ನ ಸೋದರಮಾವನ ಮನೆ. ನೆಲಕ್ಕೆ ಬಿಳಿ ಟೈಲ್ಸ್. ಎರಡು ವರ್ಷದ ಹಿಂದೆ ಜುಲೈ ತಿಂಗಳ ಒಂದು ಸಂಜೆ ಅತ್ತೆ ನೆಲ ಒರೆಸುತ್ತಿದ್ದರು. ಬಾಗಿಲಿನಿಂದ ಮಂಚದ ತನಕ ಒದ್ದೆ ಹೆಜ್ಜೆ ಗುರುತು. ಮಾವ ಮಳೆಯಲ್ಲಿ ನೆನೆದು ಬಂದಿದ್ದಾರಲ್ಲ, ನೀರಿರಬೇಕು ಅಂದುಕೊಂಡರು. ಆದರೆ ಬಲಗಾಲಿನ ಗುರುತು ಮಾತ್ರ ಸ್ವಲ್ಪ ಕಂದು ಬಣ್ಣ. ಒರೆಸಿದ ಬಟ್ಟೆ ಮೂಗಿನ ಹತ್ತಿರ ತಂದರೆ ವಾಸನೆ. ಮಾವ ಮಂಚದ ಮೇಲೆ ಕೂತು ಟಿವಿ ನೋಡುತ್ತಿದ್ದರು. ಕಾಲು ಎತ್ತಿಸಿ ನೋಡಿದರೆ ಕಿರುಬೆರಳಿನ ಬುಡದಲ್ಲಿ ಹುಣ್ಣು, ಬೆರಳ ತುದಿ ಒಳಗೆ ಹೋಗುವಷ್ಟು ಆಳ.

"ನೋವಿಲ್ವಾ ನಿಮಗೆ?"

"ಎಂತದೂ ಇಲ್ಲ ಮಾರಾಯ್ತಿ. ಶೂ ಉಜ್ಜಿರಬೇಕು."

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನೋವಿರಲಿಲ್ಲ. ಅದೇ ಭಯದ ವಿಷಯ ಅಂತ ನಮಗೆ ಆಮೇಲೆ ಗೊತ್ತಾಯಿತು.

ಮಾವ ಕುಂದಾಪುರದ ಕಡೆಯವರು. ಹದಿನಾರನೇ ವಯಸ್ಸಿಗೆ ಬೊಂಬಾಯಿಗೆ ಬಂದು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ, ಕೊನೆಗೆ ಗಲ್ಲಾದಲ್ಲಿ ಕೂರುವ ತನಕ ದಿನಕ್ಕೆ ಹನ್ನೆರಡು ಗಂಟೆ ನಿಂತೇ ಇದ್ದ ಕಾಲು ಅದು. ಸಕ್ಕರೆ ಕಾಯಿಲೆಗೆ ಹದಿನೆಂಟು ವರ್ಷ. ಕಿಡ್ನಿ ಸೋತಿದೆ ಅಂತ ಗೊತ್ತಾಗಿ ಆಗ ನಾಲ್ಕು ವರ್ಷ. ಮೂರು ತಿಂಗಳಿಗೊಮ್ಮೆ ಕಿಡ್ನಿ ಡಾಕ್ಟರು, ಕಿಡ್ನಿ ಹೊರಹಾಕಬೇಕಾದ ಕಶ್ಮಲ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಕ್ರಿಯಾಟಿನಿನ್, ಪೊಟ್ಯಾಶಿಯಮ್, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು, ಬಿಪಿ. ಎಳನೀರು ಕುಡಿಯಬಾರದು, ಉಪ್ಪು ಕಡಿಮೆ, ಎಲ್ಲ ಬಾಯಿಪಾಠ. ಆದರೆ ಆ ನಾಲ್ಕು ವರ್ಷದಲ್ಲಿ ಒಬ್ಬರೂ, ಒಂದೇ ಒಂದು ಸಲವೂ, "ಕಾಲುಚೀಲ ಬಿಚ್ಚಿ, ಪಾದ ನೋಡೋಣ" ಅಂದಿರಲಿಲ್ಲ. ಆಸ್ಪತ್ರೆಯ ಹೆಸರು ಬೇಡ. ಸಿಟ್ಟಂತೂ ನನಗೆ ಇನ್ನೂ ಹೋಗಿಲ್ಲ. ನಾವಾದರೂ ನೋಡಬಹುದಿತ್ತು ಅಲ್ವಾ? ಕಿಡ್ನಿಗೂ ಕಾಲಿಗೂ ಏನು ಸಂಬಂಧ ಅಂತಲೇ ನಮಗೆ ಗೊತ್ತಿರಲಿಲ್ಲ.

ಸಂಬಂಧ ಇದೆ, ತುಂಬಾ ಇದೆ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೊದಲು ಹಾಳಾಗುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ಕಿಡ್ನಿಯ ಜರಡಿ ಇರುವುದು ಅಂಥ ನಾಳಗಳಲ್ಲೇ. ಪಾದದ ನರಗಳಿಗೆ ರಕ್ತ ಕೊಡುವುದೂ ಅಂಥವೇ. ಹಾಗಾಗಿ ಮೂತ್ರದಲ್ಲಿ ಆಲ್ಬುಮಿನ್ ಸೋರಲು ಶುರುವಾಗಿದೆ ಅಂದರೆ ಪಾದದಲ್ಲೂ ಏನೋ ನಡೆಯುತ್ತಿರಬಹುದು ಅಂತಲೇ ನೋಡಬೇಕು. ರಿಪೋರ್ಟಿನಲ್ಲಿ ಇಜಿಎಫ್ಆರ್ ಅಂತ ಒಂದು ಸಾಲು ಇರುತ್ತದೆ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವ ಸಂಖ್ಯೆ. ಅದು 60ಕ್ಕಿಂತ ಕೆಳಗೆ ಬಂದವರಲ್ಲಿ ಕಾಲಿನ ಹುಣ್ಣು ಜಾಸ್ತಿ, ಇಳಿದಷ್ಟೂ ಜಾಸ್ತಿ, ಹುಣ್ಣು ಮಾಯುವುದೂ ಅಷ್ಟೇ ನಿಧಾನ. ಕಿಡ್ನಿ ಕೆಟ್ಟ ಮೇಲೆ ಅದರದ್ದೇ ತೊಂದರೆಗಳು ಬೇರೆ ಸೇರಿಕೊಳ್ಳುತ್ತವೆ. ಮೈಯಲ್ಲಿ ಉಳಿದ ಕಶ್ಮಲ ನರಗಳನ್ನು ಇನ್ನಷ್ಟು ಮಂಕು ಮಾಡುತ್ತದೆ. ಚರ್ಮ ಒಣಗಿ ತುರಿಸುತ್ತದೆ, ಬಿರುಕು ಬಿಡುತ್ತದೆ. ರಕ್ತ ಕಡಿಮೆಯಾಗುತ್ತದೆ. ಕಾಲು ಊದಿಕೊಂಡು ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆ ಬಿಗಿಯಾಗುತ್ತದೆ. ಮಾವನಿಗೆ ಆಗಿದ್ದೂ ಇದೇ. ಮಳೆಗಾಲಕ್ಕೆ ಅಂತ ಹೊಸ ರಬ್ಬರ್ ಶೂ ತಗೊಂಡಿದ್ದರು. ಊದಿದ ಕಾಲು, ಒದ್ದೆ ಶೂ, ಸ್ಟೇಷನ್ನಿನಿಂದ ಮನೆಗೆ ನಡಿಗೆ. ಗುಳ್ಳೆ ಎದ್ದಿದೆ, ಒಡೆದಿದೆ, ಅವರು ಅದರ ಮೇಲೆಯೇ ದಿನಗಟ್ಟಲೆ ನಡೆದಿದ್ದಾರೆ.

ಕೊನೆಗೆ ಪಾದದ ಡಾಕ್ಟರೊಬ್ಬರನ್ನು ಹುಡುಕಿ ಹೋದೆವು. ಅವರ ಕೈಯಲ್ಲಿ ಪೆನ್ನಿನಂಥ ಹಿಡಿ, ಅದರ ತುದಿಗೆ ಗಾಳದ ದಾರದಂಥ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವ ಹಾಗೆ ಮಾಡಿದ್ದು. "ಡೋಳೆ ಬಂದ್ ಕರಾ ಕಾಕಾ, ತಾಗಿದಾಗ ಹೇಳಿ" ಅಂದರು. ಮಾವ ಕಣ್ಣು ಮುಚ್ಚಿದರು. ಹೆಬ್ಬೆರಳು, ಅಂಗಾಲಿನ ಮುಂಭಾಗದಲ್ಲಿ ಎರಡು ಕಡೆ, ಮತ್ತೆ ಹೆಬ್ಬೆರಳು, ಆಮೇಲೆ ಎಡಗಾಲು. ಎಳೆ ಬಾಗುವುದು ನಮಗೆ ಕಾಣುತ್ತಿದೆ. ಮಾವ ಸುಮ್ನೆ ಕೂತಿದ್ದಾರೆ. ಒಂದೆರಡು ನಿಮಿಷ ಆದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಇನ್ನೂ ಶುರು ಮಾಡಿಲ್ವಾ?" ಅತ್ತೆ ಎದ್ದು ಹೊರಗೆ ಹೋದರು.

ಆಮೇಲೆ ರಕ್ತ ಓಡಾಟದ ಪರೀಕ್ಷೆ. ಕೈಯ ಬಿಪಿ, ಪಾದದ ಗಂಟಿನ ಹತ್ತಿರದ ಬಿಪಿ, ಎರಡನ್ನೂ ತೆಗೆದು ಕಾಲಿನದ್ದನ್ನು ಕೈಯದ್ದರಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತ. ಮಾವನಿಗೆ 1.4ರ ಮೇಲೆ ಬಂತು. ನಾನು ಖುಷಿಪಟ್ಟೆ. ಖುಷಿಪಡಬೇಡಿ ಅಂದರು ಡಾಕ್ಟರು. ಕಿಡ್ನಿ ಕೆಟ್ಟವರಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಲೆಕ್ಕ ತಪ್ಪಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರುತ್ತದೆ. ಮೆತ್ತಗೆ ರಬ್ಬರಿನ ಹಾಗೆ ಇರಬೇಕಾದ್ದು ಪಿವಿಸಿ ಪೈಪಿನ ಹಾಗೆ ಆಗುತ್ತದೆ. ಬಿಪಿ ಪಟ್ಟಿ ಎಷ್ಟು ಬಿಗಿದರೂ ಅದು ಅಮುಕುವುದಿಲ್ಲ, ಅದಕ್ಕೇ ಸಂಖ್ಯೆ ಮೇಲೆ ಹೋಗುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡವನ್ನೇ ಅಳೆಯಬೇಕು. ಇದನ್ನು ಯಾರಾದರೂ ಹೇಳದೆ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಮೂಳೆಗೆ ಸೋಂಕು ಇಳಿದಿತ್ತು. ಕಿರುಬೆರಳು ತೆಗೆದರು. ಆಂಟಿಬಯೋಟಿಕ್ ಡೋಸನ್ನೂ ಕಿಡ್ನಿಯ ಲೆಕ್ಕ ನೋಡಿಯೇ ಕೊಟ್ಟರು. ಮೆಡಿಕಲ್ ಶಾಪಿನಿಂದ ಮಂಡಿನೋವಿಗೆ ಅಂತ ಮಾವ ತಂದಿಟ್ಟುಕೊಂಡಿದ್ದ ಡೈಕ್ಲೊಫೆನಾಕ್ ಪಟ್ಟಿ ಅವತ್ತೇ ಕಸದ ಬುಟ್ಟಿಗೆ ಹೋಯಿತು. ಅಂಥ ನೋವಿನ ಮಾತ್ರೆ ಕಿಡ್ನಿಯನ್ನು ಇನ್ನಷ್ಟು ಹಾಳು ಮಾಡುತ್ತದೆ.

ಹುಣ್ಣು ಮಾಯಲು ಮುಲಾಮಿಗಿಂತ ಮುಖ್ಯ ಅದರ ಮೇಲೆ ಭಾರ ಬೀಳದೆ ಇರುವುದು. ಇದನ್ನು ಕಲಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಡಾ. ಪಾಲ್ ಬ್ರ್ಯಾಂಡ್ ಅವರದ್ದು. 1940ರ ದಶಕದಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದವರು. ಕಾಯಿಲೆ ಬೆರಳನ್ನು ತಿನ್ನುತ್ತದೆ ಅಂತ ಎಲ್ಲರೂ ನಂಬಿದ್ದಾಗ, ಅಲ್ಲ, ನೋವು ಗೊತ್ತಾಗದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಹೀಗಾಗುತ್ತದೆ ಅಂತ ತೋರಿಸಿಕೊಟ್ಟರು. ಸ್ಪರ್ಶ ಹೋದ ಕಾಲಿಗೆ ಅಂತ ಬಂದ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿಯನ್ನೇ ಈಗ ಮಾವ ಮನೆಯೊಳಗೂ ಹಾಕುತ್ತಾರೆ. ಅಂಗಾರಕ ಸಂಕಷ್ಟಿಗೆ ಬರಿಗಾಲಲ್ಲಿ ಸಿದ್ಧಿವಿನಾಯಕನಿಗೆ ನಡೆದು ಹೋಗುವ ಹರಕೆ ಇತ್ತು ಅವರದ್ದು, ವರ್ಷಗಳಿಂದ. ಅದನ್ನು ಬಿಡಿಸಲು ಮಾತ್ರ ನಮಗೆ ಸಾಕುಬೇಕಾಯಿತು. ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತ ನೀರಿಗೂ ಇಳಿಯಬಾರದು. ಕಾಲಲ್ಲಿ ಗಾಯ ಇಲ್ಲದವರಿಗೇ ಇಲಿಜ್ವರದ ಭಯ, ಇನ್ನು ಇವರಿಗೆ? ಬಿಸಿನೀರಲ್ಲಿ ಕಾಲು ನೆನೆಸುವುದು, ಆಣಿಗೆ ಪಟ್ಟಿ ಅಂಟಿಸುವುದು, ಬ್ಲೇಡಿನಲ್ಲಿ ಕೆರೆಯುವುದು, ಎಲ್ಲ ಬಂದ್.

ಕಳೆದ ವರ್ಷ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಗುರುವಾರ, ಶನಿವಾರ, ಒಂದೊಂದು ಸಲ ನಾಲ್ಕು ಗಂಟೆ. ಸ್ಪರ್ಶ ಹೋದವರಿಗೆ ಅಥವಾ ಕಾಲಿನ ರಕ್ತನಾಳ ಕಟ್ಟಿದವರಿಗೆ ಕಿಡ್ನಿ ಪೂರ್ತಿ ಸೋತರೆ, ಅಂತರರಾಷ್ಟ್ರೀಯ ಮಾರ್ಗಸೂಚಿ ಅವರನ್ನು ಎಲ್ಲಕ್ಕಿಂತ ಅಪಾಯದ ಗುಂಪಿಗೆ ಸೇರಿಸುತ್ತದೆ, ಮೊದಲೇ ಹುಣ್ಣಾದವರ, ಬೆರಳು ಕಳೆದುಕೊಂಡವರ ಜೊತೆಗೆ. ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದದ ತಪಾಸಣೆ ಆಗಬೇಕು. ಆದರೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಕಳೆಯುವವರಿಗೆ ಇನ್ನೊಂದು ಆಸ್ಪತ್ರೆಗೆ ಹೋಗುವ ಜೀವ ಎಲ್ಲಿರುತ್ತದೆ? ಯಂತ್ರಕ್ಕೆ ಹಾಕಿದಾಗ ಬಿಪಿ ಇಳಿದರೆ ಪಾದಕ್ಕೆ ರಕ್ತ ಇನ್ನೂ ಕಡಿಮೆ. ಹಿಮ್ಮಡಿ ನಾಲ್ಕು ಗಂಟೆ ಒಂದೇ ಕಡೆ ಒತ್ತಿಕೊಂಡಿರುತ್ತದೆ, ನೋವು ಗೊತ್ತಾಗದವರು ಕಾಲು ಸರಿಸುವುದೂ ಇಲ್ಲ.

ಅದಕ್ಕೇ ಅತ್ತೆ ಚೀಲದಲ್ಲಿ ಒಂದು ದಿಂಬು ಒಯ್ಯುತ್ತಾರೆ. ಮೀನಖಂಡದ ಕೆಳಗೆ ಇಟ್ಟರೆ ಹಿಮ್ಮಡಿ ಯಾವುದಕ್ಕೂ ತಾಗದೆ ನಿಲ್ಲುತ್ತದೆ. ಸೂಜಿ ಚುಚ್ಚುವ ಮೊದಲು ಕಾಲುಚೀಲ ಬಿಚ್ಚಿ, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ಮೊಬೈಲ್ ಟಾರ್ಚಿನಲ್ಲಿ ನೋಡುತ್ತಾರೆ. ಕಳೆದ ಶನಿವಾರ ಪಕ್ಕದ ಹಾಸಿಗೆಯವರ ಹೆಂಡತಿ, ಸೋಲಾಪುರ ಕಡೆಯವರು, ಏನು ನೋಡ್ತೀರಿ ಅಂತ ಕೇಳಿದರಂತೆ. ಅತ್ತೆ ಹೇಳಿದರು. ಆಕೆ ಗಂಡನ ಕಾಲುಚೀಲ ಬಿಚ್ಚಿದರು. ಎಡ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ. ಅವರಿಗೆ ಗೊತ್ತೇ ಇರಲಿಲ್ಲ. ಅತ್ತೆ ನಮ್ಮ ಪಾದದ ಡಾಕ್ಟರ ನಂಬರನ್ನು ಮಾತ್ರೆ ಚೀಟಿಯ ಹಿಂದೆ ಬರೆದುಕೊಟ್ಟು, ದಿಂಬನ್ನೂ ಅವರಿಗೇ ಕೊಟ್ಟು ಬಂದಿದ್ದಾರೆ.