ಸೆಕೆಂಡ್‌ಹ್ಯಾಂಡ್ ಬೆಂಜಿಗೆ ವಾರಂಟಿ ಹಾಕಿಸಬೇಕಾ?

ಹೊಸದರಲ್ಲಿ 50 ಲಕ್ಷ ದಾಟಿದ್ದ ಜರ್ಮನ್ ಕಾರು ಏಳೆಂಟು ವರ್ಷ ಓಡಿದ ಮೇಲೆ ಹೊಸ ಕ್ರೆಟಾದ ಬೆಲೆಗೆ ಸಿಗುತ್ತದೆ. ಅಡಿಕೆಗೆ ಒಳ್ಳೇ ರೇಟು ಬಂದ ವರ್ಷ ಯಾರಿಗಾದರೂ ಆಸೆ ಹುಟ್ಟುವ ಲೆಕ್ಕವೇ. ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಗೇರ್‌ಬಾಕ್ಸು, ಇಂಜೆಕ್ಟರು, ಹೆಡ್‌ಲೈಟಿಗೆ ಇವತ್ತಿಗೂ 50 ಲಕ್ಷದ ಕಾರಿನ ಬೆಲೆಯೇ. ಈ ಭಯ ಚೆನ್ನಾಗಿ ಗೊತ್ತಿರುವ ಮಾರಾಟಗಾರ ಕೊನೇ ಗಳಿಗೆಯಲ್ಲಿ ಒಂದು ಕಾಗದ ಮುಂದಿಡುತ್ತಾನೆ: "ಇನ್ನೊಂದು ಒಂದೂವರೆ ಲಕ್ಷ ಹಾಕಿಬಿಡಿ ಸಾರ್, ವರ್ಷ ಪೂರ್ತಿ ವಾರಂಟಿ, ತಲೆಬಿಸಿಯೇ ಇಲ್ಲ."

ತಲೆಬಿಸಿ ಇದೆ. ವಾರಂಟಿ ಬೇಡವೇ ಬೇಡ ಅಂತಲ್ಲ. ಕೆಲವು ಕಾರುಗಳಿಗೆ ಅದಿಲ್ಲದೆ ಕೈ ಹಾಕಲೇಬಾರದು. ಆದರೆ ಮಲೆನಾಡಿನಲ್ಲಿ ಕಾರು ಕೆಡುವ ಕಾರಣಗಳೇ ಬೇರೆ, ವಾರಂಟಿಯವರು ಒಪ್ಪುವ ಕಾರಣಗಳೇ ಬೇರೆ.

ಮೊದಲು ಆ ಕಾಗದ ಯಾರದ್ದು ಎಂದು ನೋಡಿ. ಕಾರು ತಯಾರಿಸಿದ ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿ ಆಗಿದ್ದರೆ ಅದು ಚಾಸಿ ನಂಬರಿಗೆ ಅಂಟಿಕೊಂಡಿರುತ್ತದೆ, ಅಧಿಕೃತ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ನಂಬರು ಹೊಡೆದರೆ ಕಾಣುತ್ತದೆ. ಸಾಮಾನ್ಯವಾಗಿ ಹಿಂದಿನ ವಾರಂಟಿ ಮುಗಿಯುವ ಮೊದಲೇ ಇದನ್ನು ಕೊಳ್ಳಬೇಕು, ವಯಸ್ಸು ಮತ್ತು ಕಿಲೋಮೀಟರಿಗೆ ಮಿತಿ ಇರುತ್ತದೆ. ಎರಡನೆಯದು ಕಂಪನಿಗಳೇ ನಡೆಸುವ ಹಳೇ ಕಾರಿನ ವ್ಯಾಪಾರದ ಜೊತೆ ಬರುವಂಥದ್ದು: ಮರ್ಸಿಡಿಸ್‌ನ ಸರ್ಟಿಫೈಡ್, ಬಿಎಂಡಬ್ಲ್ಯುನ ಪ್ರೀಮಿಯಂ ಸೆಲೆಕ್ಷನ್, ಆಡಿಯ ಅಪ್ರೂವ್ಡ್ ಪ್ಲಸ್. ಮೂರನೆಯದು ಮಲ್ಟಿಬ್ರ್ಯಾಂಡ್ ಶೋರೂಮಿನವರು ಬೇರೊಂದು ವಾರಂಟಿ ಸಂಸ್ಥೆಯ ಹೆಸರಿನಲ್ಲಿ ಕೊಡುವುದು. ಮೊದಲೆರಡರ ಬಗ್ಗೆ ಹೆಚ್ಚು ಹೇಳಬೇಕಿಲ್ಲ; ಸಿಗುವುದಾದರೆ, ಬೆಲೆ ಹೊಂದುವುದಾದರೆ ತೆಗೆದುಕೊಳ್ಳಿ. ಜನ ಎಡವುವುದು ಮೂರನೆಯದರಲ್ಲಿ.

ಅದರ ಷರತ್ತುಗಳನ್ನು ಓದುವಾಗ ಒಂದೇ ಒಂದು ಪ್ರಶ್ನೆಯಿಂದ ಶುರು ಮಾಡಿ: ಇದರಲ್ಲಿ ಬರುವ ಭಾಗಗಳ ಪಟ್ಟಿ ಕೊಟ್ಟಿದ್ದಾರೋ, ಬರದಿರುವ ಭಾಗಗಳ ಪಟ್ಟಿ ಕೊಟ್ಟಿದ್ದಾರೋ? ಬರದಿರುವವುಗಳ ಪಟ್ಟಿ ಇದ್ದರೆ ಉಳಿದದ್ದೆಲ್ಲ ವಾರಂಟಿಯಲ್ಲಿ ಬರುತ್ತದೆ. ಬರುವವುಗಳ ಪಟ್ಟಿ ಇದ್ದರೆ ಅದರಲ್ಲಿ ಇಲ್ಲದ್ದರ ಖರ್ಚೆಲ್ಲ ನಿಮ್ಮದೇ. ಉದಾಹರಣೆಗೆ "ಗೇರ್‌ಬಾಕ್ಸ್: ಎಣ್ಣೆಯಲ್ಲಿ ಮುಳುಗಿರುವ ಒಳಭಾಗಗಳು" ಎಂದು ಒಂದು ಸಾಲು ಇರುತ್ತದೆ. ಓದಿದರೆ ಗೇರ್‌ಬಾಕ್ಸ್ ಪೂರ್ತಿ ಬಂತು ಅನ್ನಿಸುತ್ತದೆ. ಆಡಿಯ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಕೆಡುವುದು ಹಲ್ಲಿನ ಚಕ್ರಗಳಲ್ಲ, ಮೆಕಾಟ್ರಾನಿಕ್ ಯೂನಿಟ್: ಸೊಲೆನಾಯ್ಡುಗಳು, ಸೆನ್ಸರುಗಳು, ಒಂದು ಎಲೆಕ್ಟ್ರಾನಿಕ್ ಬೋರ್ಡು. ಅದನ್ನು "ಎಲೆಕ್ಟ್ರಾನಿಕ್ ಭಾಗ" ಎಂದು ಪಕ್ಕಕ್ಕೆ ಸರಿಸಲು ಆ ಒಂದು ಸಾಲು ಸಾಕು. ಹಾಗೆಯೇ ಏರ್ ಸಸ್ಪೆನ್ಷನ್ನಿನ ಬೆಲ್ಲೋಸ್ (ಏರ್ ಸ್ಪ್ರಿಂಗಿನ ಗಾಳಿ ಚೀಲ) "ರಬ್ಬರ್ ಭಾಗ" ಆಗುತ್ತದೆ, ಟೈಮಿಂಗ್ ಚೇನಿನ (ಇಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ನಡೆಸುವ ಸರಪಳಿ) ಪ್ಲಾಸ್ಟಿಕ್ ಗೈಡು "ಸವೆಯುವ ಭಾಗ" ಆಗುತ್ತದೆ. ಆದ್ದರಿಂದ ಮೆಕಾಟ್ರಾನಿಕ್, ಟೈಮಿಂಗ್ ಚೇನ್ ಮತ್ತು ಗೈಡ್, ಟರ್ಬೊ ಆಕ್ಚುಯೇಟರ್ (ಟರ್ಬೊದ ಒತ್ತಡ ನಿಯಂತ್ರಿಸುವ ಭಾಗ), ಏರ್ ಸ್ಪ್ರಿಂಗ್, ಇಂಜೆಕ್ಟರ್ ಈ ಐದು ಹೆಸರು ಬರೆದು, ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ "ಎಲ್ಲಾ ಬರುತ್ತೆ ಸಾರ್" ಅಂದದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಯಾವ ಕಾರಿಗೆ ಈ ಐದರಲ್ಲಿ ಯಾವುದು ಮುಖ್ಯ ಅನ್ನುವುದು ಇಂಜಿನ್ ಮೇಲೆ ನಿಂತಿದೆ. ಬ್ಯಾಡ್ಜ್ ನೋಡಿ ಹೇಳಲಾಗದು.

ಬಿಎಂಡಬ್ಲ್ಯು 320ಡಿ, 520ಡಿಯ ಹಳೇ ಎನ್47 ಡೀಸೆಲ್ ಇಂಜಿನ್ನಿನಲ್ಲಿ ಟೈಮಿಂಗ್ ಚೇನ್ ಇರುವುದು ಹಿಂಬದಿ, ಗೇರ್‌ಬಾಕ್ಸಿನ ಕಡೆ. ಚೇನ್ ಸಡಿಲವಾದರೆ ಅದನ್ನು ತಲುಪಲು ಗೇರ್‌ಬಾಕ್ಸನ್ನೋ ಇಂಜಿನ್ನನ್ನೋ ಕೆಳಗಿಳಿಸಬೇಕು. ಬಿಡಿಭಾಗ ಅಗ್ಗ, ಕೂಲಿ ದುಬಾರಿ. ಕಡಿದುಹೋದರೆ ಪಿಸ್ಟನ್ನಿಗೆ ವಾಲ್ವ್ ಬಡಿದು ಇಂಜಿನ್ನೇ ಹೋಯಿತು. ಎನ್20 ಪೆಟ್ರೋಲಿನಲ್ಲಿ (328ಐ ಮುಂತಾದವು) ಚೇನ್ ಗೈಡಿನ ಪ್ಲಾಸ್ಟಿಕ್ ಪುಡಿಯಾಗಿ ಎಣ್ಣೆ ಪಂಪಿನ ಜಾಲರಿಗೆ ಸೇರಿ ಎಣ್ಣೆಯ ಹರಿವು ತಡೆಯುತ್ತದೆ. ಮುಂದೆ ಬಂದ ಬಿ47 ಡೀಸೆಲ್, ಬಿ48 ಪೆಟ್ರೋಲ್ ಎಷ್ಟೋ ವಾಸಿ.

ಆಡಿ ಎ4ನ ಹಳೇ 2.0 ಟಿಎಫ್‌ಎಸ್‌ಐ ಪೆಟ್ರೋಲ್ ಇಂಜಿನ್ ಎಣ್ಣೆ ಕುಡಿಯುತ್ತದೆ. ಪಿಸ್ಟನ್ನಿನ ಆಯಿಲ್ ರಿಂಗು ಕಾರಣ. ಇಲ್ಲೊಂದು ಸೂಕ್ಷ್ಮವಿದೆ. 1000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೆ ಎಣ್ಣೆ ಇಳಿಯುವುದು ಸಹಜ ಎಂದು ಕಾರಿನ ಕೈಪಿಡಿಯೇ ಹೇಳುತ್ತದೆ. ಅಂದರೆ ಸಮಸ್ಯೆ ಕಣ್ಣಿಗೆ ಕಾಣುತ್ತಿದ್ದರೂ ಕ್ಲೇಮಿಗೆ ಅದು ಸಮಸ್ಯೆಯೇ ಅಲ್ಲ. ಎ3ಯ ಒಣ ಕ್ಲಚ್ಚಿನ ಏಳು ಗೇರಿನ ಡಿಕ್ಯೂ200 ಡ್ಯುಯಲ್ ಕ್ಲಚ್ ಬಾಕ್ಸಿಗೆ ಮೆಕಾಟ್ರಾನಿಕ್ ಬರುವ ವಾರಂಟಿ ಇದ್ದರೆ ಮಾತ್ರ ಮಾತು ಮುಂದುವರಿಸಿ.

ಮರ್ಸಿಡಿಸ್‌ನಲ್ಲಿ ಓಎಂ651 ಡೀಸೆಲ್ ಗಟ್ಟಿ ಇಂಜಿನ್ನೇ, ಮೊದಮೊದಲಿನವುಗಳ ಇಂಜೆಕ್ಟರ್ ತಂಟೆ ಬಿಟ್ಟರೆ. ಡಬ್ಲ್ಯು204 ಎಂಬ ಹಳೇ ಪೀಳಿಗೆಯ ಸಿ200ರ ಎಂ271 ಪೆಟ್ರೋಲಿಗೆ ಚೇನು ಮತ್ತು ಕ್ಯಾಮ್ ಚಕ್ರ ಸವೆಯುವ ಕಾಯಿಲೆ. 2018ರ ನಂತರದ ಸಿ220ಡಿ, ಇ220ಡಿಗಳಲ್ಲಿ ಇರುವ ಓಎಂ654ಗೆ, ಸರ್ವಿಸ್ ಹಿಸ್ಟರಿ ಪೂರ್ತಿ ಇದ್ದು ಏರ್ ಸಸ್ಪೆನ್ಷನ್ ಇಲ್ಲದಿದ್ದರೆ, ನನ್ನ ಪ್ರಕಾರ ಹೊರಗಿನ ವಾರಂಟಿ ದಂಡ.

ವಾರಂಟಿಗೆ ಸಹಿ ಹಾಕುವ ಮೊದಲೇ ಕಾರನ್ನು ಪರೀಕ್ಷಿಸಬೇಕಾದ ಕಾರಣ ಇಷ್ಟೇ: ಕೊಳ್ಳುವಾಗಲೇ ಇದ್ದ ದೋಷ ಸಾಮಾನ್ಯವಾಗಿ ಇಂಥ ಹೊರಗಿನ ವಾರಂಟಿಯಲ್ಲಿ ಬರುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದಂತೆ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡದ ಕಾರನ್ನು ಬೆಳಿಗ್ಗೆ ನೋಡಲು ಹೋಗಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನಿಮಗಾಗಿಯೇ ಓಡಿಸಿ ಇಟ್ಟಿದ್ದಾರೆ. ಸ್ಟಾರ್ಟ್ ಆದ ಮೊದಲ ಮೂರು-ನಾಲ್ಕು ಸೆಕೆಂಡು ಗಲಗಲ ಸದ್ದು ಬಂದು ನಿಂತರೆ ಚೇನ್ ಟೆನ್ಷನರ್ ಕಡೆ ಅನುಮಾನ. ಏರ್ ಸಸ್ಪೆನ್ಷನ್ ಇದ್ದರೆ ಸಮತಟ್ಟು ಜಾಗದಲ್ಲಿ ಸಂಜೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿದು ಬರೆದಿಟ್ಟು, ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಬೆರಳಗಲ ಇಳಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ, ಅದನ್ನು ತುಂಬಿಸಲು ಕಂಪ್ರೆಸರ್ ದಿನವಿಡೀ ದುಡಿಯುತ್ತಿದೆ ಎಂದರ್ಥ. ಹೀಗೆ ದುಡಿದ ಕಂಪ್ರೆಸರ್ ಒಂದು ದಿನ ಸುಡುತ್ತದೆ.

ಆಮೇಲೆ ಸ್ಕ್ಯಾನಿಂಗ್. ಅಂಗಡಿಯ ಸಾಧಾರಣ ಓಬಿಡಿ ಯಂತ್ರ (ಕಾರಿನ ದೋಷದ ಕೋಡು ಓದುವಂಥದ್ದು) ಇಂಜಿನ್ನನ್ನಷ್ಟೇ ಓದುತ್ತದೆ. ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಝೆಂಟ್ರಿ, ಆಡಿಗೆ ಓಡಿಸ್ ಅಥವಾ ವಿಸಿಡಿಎಸ್ ಎಂಬ ಸ್ಕ್ಯಾನಿಂಗ್ ತಂತ್ರಾಂಶ ಇರುವವರಲ್ಲಿ ಎಲ್ಲ ಮಾಡ್ಯೂಲುಗಳನ್ನೂ (ಕಾರಿನ ಎಲೆಕ್ಟ್ರಾನಿಕ್ ನಿಯಂತ್ರಕಗಳು) ಓದಿಸಿ, ವರದಿಯನ್ನು ಪಿಡಿಎಫ್ ಮಾಡಿಸಿಕೊಳ್ಳಿ. ಒಂದೂ ದೋಷವಿಲ್ಲದೆ ಲಕಲಕ ಅನ್ನುವ ವರದಿಯನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಬೇಕು. ರೆಡಿನೆಸ್ ಮಾನಿಟರುಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆ) "ಅಪೂರ್ಣ" ಎಂದಿದ್ದರೆ ಇತ್ತೀಚೆಗಷ್ಟೇ ಯಾರೋ ಕೋಡು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಇನ್ನು ನಮ್ಮ ಊರಿನ ಮಾತು. ಮಳೆಗಾಲದಲ್ಲಿ ಮರದಡಿ ನಿಲ್ಲುವ ಕಾರಿನ ಸನ್‌ರೂಫಿನ ನಾಲ್ಕು ಮೂಲೆಯಲ್ಲೂ ಸಣ್ಣ ರಂಧ್ರಗಳಿವೆ. ಅಲ್ಲಿಂದ ಕೊಳವೆಗಳು ಕಂಬಗಳೊಳಗೆ ಇಳಿದು ಕೆಳಗೆ ನೀರು ಬಿಡುತ್ತವೆ. ಎಲೆ, ಹೂವಿನ ಪುಡಿ, ಪಾಚಿ ಸೇರಿ ಅವು ಕಟ್ಟಿಕೊಂಡರೆ ನೀರು ಚಾವಣಿಯಿಂದ ನೇರ ಕಾರ್ಪೆಟ್ ಅಡಿಗೆ ಇಳಿಯುತ್ತದೆ. ಹಲವು ಮಾದರಿಗಳಲ್ಲಿ ವೈರಿಂಗ್ ಜೋಡಣೆ, ಕಂಟ್ರೋಲ್ ಮಾಡ್ಯೂಲುಗಳು ಇರುವುದು ಅಲ್ಲಿಯೇ. ಸನ್‌ರೂಫ್ ತೆರೆದು ಒಂದೊಂದು ಮೂಲೆಗೂ ಅರ್ಧ ಲೀಟರ್ ಬಾಟಲಿಯಿಂದ ನಿಧಾನವಾಗಿ ನೀರು ಬಿಡಿ. ಕೆಲವೇ ಸೆಕೆಂಡಿನಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದೆ ಮೂಲೆಯಲ್ಲೇ ನಿಂತರೆ ಕಟ್ಟಿಕೊಂಡಿದೆ. ಗಾಳಿಯ ಪ್ರೆಷರ್ ಹೊಡೆಯಬೇಡಿ, ಕೊಳವೆಯ ಜಾಯಿಂಟ್ ಒಳಗೇ ಕಳಚಿಕೊಳ್ಳುತ್ತದೆ; ತೆಳು ನೈಲಾನ್ ದಾರ ತೂರಿಸಿ ಬಿಡಿಸಿ. ಗಾಜಿನ ಕೆಳಗೆ, ವೈಪರ್ ಬುಡದಲ್ಲಿರುವ ತೊಟ್ಟಿಯಂಥ ಜಾಗವನ್ನೂ ಜೂನ್‌ಗೆ ಮೊದಲು ಕೈ ಹಾಕಿ ಬಳಿಯಬೇಕು.

ಈ ನೀರಿನ ಹಾನಿ ವಾರಂಟಿಯಲ್ಲಿ ಬರುವುದಿಲ್ಲ, ನಿರ್ವಹಣೆಯ ಲೋಪ ಎನ್ನುತ್ತಾರೆ. ಇಲಿ ಕಡಿದ ವೈರಿಂಗ್ ಬರುವುದಿಲ್ಲ, ಮತ್ತೆ ಅಡಿಕೆ, ಭತ್ತ ಇಟ್ಟ ಮನೆಯ ಶೆಡ್ಡಿನಲ್ಲಿ ಇಲಿ ಇಲ್ಲದೆ ಇರುತ್ತದೆಯೇ? ಸೇತುವೆ ಮೇಲೆ ಹರಿಯುವ ನೀರಿಗೆ ಇಳಿಸಿ ಇಂಜಿನ್ ನೀರು ಎಳೆದುಕೊಂಡರೆ ಅದೂ ಬರುವುದಿಲ್ಲ. ತೋಟದ ದಾರಿಯ ಕಲ್ಲಿಗೆ ಚೇಂಬರ್ (ಅಡಿಯ ಎಣ್ಣೆ ತಟ್ಟೆ) ತಗುಲಿದರೂ ಅಷ್ಟೇ. ಈ ಕೊನೆಯದನ್ನು ಬಿಎಂಡಬ್ಲ್ಯು ಕೊಳ್ಳುವವರು ಗಟ್ಟಿಯಾಗಿ ನೆನಪಿಡಬೇಕು. ಅದರ ಜಡ್‌ಎಫ್ ಎಂಟು ಗೇರಿನ ಬಾಕ್ಸಿನ ಎಣ್ಣೆ ತಟ್ಟೆ ಪ್ಲಾಸ್ಟಿಕ್ಕಿನದು, ಫಿಲ್ಟರು ಅದರೊಳಗೇ ಸೇರಿದೆ. ಕಲ್ಲು ತಾಗಿ ಬಿರುಕು ಬಿಟ್ಟರೆ ಎಣ್ಣೆ ತೊಟ್ಟಿಕ್ಕುತ್ತಲೇ ಇರುತ್ತದೆ, ಕಾರು ಓಡುತ್ತಲೇ ಇರುತ್ತದೆ. ಎಚ್ಚರಿಕೆ ದೀಪ ಬಂದ ಮೇಲೂ "ಮನೆ ಮುಟ್ಟಿಸೋಣ" ಎಂದು ಹತ್ತು ಕಿಲೋಮೀಟರ್ ಓಡಿಸಿದರೆ ಕ್ಲಚ್ಚುಗಳು ಸುಡುತ್ತವೆ, ಆಗ ವಾರಂಟಿಯವರೂ ಇಲ್ಲ, ವಿಮೆಯವರೂ ಇಲ್ಲ. ಅಂದ ಹಾಗೆ, ಈ ಗೇರ್‌ಬಾಕ್ಸಿನ ಎಣ್ಣೆ ಜೀವಮಾನಕ್ಕೆ ಸಾಕು ಎಂಬ ಮಾತನ್ನು ನಂಬಬೇಡಿ. ತಯಾರಿಸಿದ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ಹಾಗಾಗಿ ಮಲೆನಾಡಿನಲ್ಲಿ ಮೊದಲ ದುಡ್ಡು ವಾರಂಟಿಗಲ್ಲ, ನೀರು ಹೊಕ್ಕು, ಎಣ್ಣೆ ಸೋರಿ ಇಂಜಿನ್ ಕೆಟ್ಟರೆ ನೆರವಾಗುವ ವಿಮೆಯ ಇಂಜಿನ್ ಪ್ರೊಟೆಕ್ಟ್ ಆಡ್-ಆನ್‌ಗೆ ಹೋಗಬೇಕು. ವಯಸ್ಸಾದ ಕಾರಿಗೆ ಎಲ್ಲ ವಿಮಾ ಕಂಪನಿಗಳೂ ಅದನ್ನು ಕೊಡುವುದಿಲ್ಲ, ಕಾರು ಕೊಳ್ಳುವ ಮೊದಲೇ ಕೇಳಿ. ಇಲಿ ಕಡಿತದ ಬಗ್ಗೆ ಪಾಲಿಸಿಯಲ್ಲಿ ಏನಿದೆ ಎಂದೂ ಕೇಳಿ.

ದೂರದ ಲೆಕ್ಕ ಇನ್ನೊಂದು. ಅಧಿಕೃತ ವರ್ಕ್‌ಶಾಪಿನಲ್ಲೇ ರಿಪೇರಿ ಎಂದು ಷರತ್ತಿದ್ದರೆ ಶಿವಮೊಗ್ಗದವರು ಮಂಗಳೂರಿಗೋ (ಸುಮಾರು 200 ಕಿ.ಮೀ.) ಬೆಂಗಳೂರಿಗೋ (ಸುಮಾರು 300 ಕಿ.ಮೀ.) ಹೊರಡಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ, ಅದರಲ್ಲೂ ಭಾರೀ ವಾಹನಗಳಿಗೆ ನಿರ್ಬಂಧವಿರುವ ಮಳೆಗಾಲದಲ್ಲಿ, ಕಾರು ಹೊತ್ತ ಟೋಯಿಂಗ್ ಲಾರಿ ಇಳಿಯುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಬೆಂಗಳೂರಿನ ಲೆಕ್ಕವನ್ನೇ ಹಿಡಿಯಿರಿ. ಲಾರಿಯವರು ಹೋಗಿ ಬರುವ ಎರಡೂ ಕಡೆಯ ಬಾಡಿಗೆ ಕೇಳುತ್ತಾರೆ. ಕಿಲೋಮೀಟರಿಗೆ 35 ರೂಪಾಯಿ ಎಂದು ಇಟ್ಟುಕೊಂಡರೂ 600 ಕಿಲೋಮೀಟರಿಗೆ 21,000. ವಾರಂಟಿಯ ಜೊತೆ "ಉಚಿತ ಟೋಯಿಂಗ್" ಎಂದಿದ್ದರೆ ಎಷ್ಟು ಕಿಲೋಮೀಟರಿನವರೆಗೆ ಎಂದು ಕೇಳಿ. 50 ಎಂದರೆ ನಿಮ್ಮ ಕಾರು ತರೀಕೆರೆ ತಲುಪಬಹುದು.

ಈಗ ದುಡ್ಡಿನ ಲೆಕ್ಕ ಹಾಕಿ. ಮಾರಾಟಗಾರ ಹೇಳಿದ್ದು 1,40,000 ಎಂದುಕೊಳ್ಳೋಣ. ಅದರ ಮೇಲೆ 18% ಜಿಎಸ್‌ಟಿ 25,200 ಸೇರಿದರೆ 1,65,200. ಒಂದು ಕ್ಲೇಮಿಗೆ ಗರಿಷ್ಠ 1,00,000 ಎಂಬ ಮಿತಿ ಷರತ್ತಿನೊಳಗೆ ಇದೆ ಎನ್ನಿ. ಮೆಕಾಟ್ರಾನಿಕ್ ಹೋಗಿ ಎರಡೂವರೆ ಲಕ್ಷದ ಬಿಲ್ ಆದರೆ ಅವರು ಕೊಡುವುದು ಒಂದು ಲಕ್ಷ, ನೀವು ಒಂದೂವರೆ. ಅಂದರೆ ಕೆಟ್ಟ ಗಳಿಗೆ ಬಂದರೂ 1,65,200 ಕೊಟ್ಟು 1,00,000 ವಾಪಸು ಪಡೆದಂತಾಯಿತು. ಇಂಥ ಕಾಗದಕ್ಕಿಂತ ಅದೇ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಕಾರಿಗೆ ಮಾತ್ರ ಮುಟ್ಟುವುದು ಲೇಸು. ಮಿತಿಯು ಕಾರಿನ ಬೆಲೆಯಷ್ಟೇ ಇದ್ದು, ಮೆಕಾಟ್ರಾನಿಕ್ ಬರುತ್ತದೆ ಎಂದು ಬರೆದುಕೊಟ್ಟು, ಕಾರು ಡಿಕ್ಯೂ200 ಇರುವ ಎ3 ಆಗಿದ್ದರೆ ನಾನು ಇದೇ ಬೆಲೆಗೆ ಕಣ್ಣುಮುಚ್ಚಿ ತೆಗೆದುಕೊಳ್ಳಿ ಎನ್ನುತ್ತೇನೆ.

ತೆಗೆದುಕೊಂಡ ಮೇಲೆ ಅದನ್ನು ಕಳೆದುಕೊಳ್ಳುವ ದಾರಿಗಳೂ ಇವೆ. ಆರ್‌ಸಿ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಹಿಂದಿನವರು ಹಾಕಿಸಿದ ಹೊರಗಿನ ವಾರಂಟಿ ನಿಮ್ಮದಾಗುವುದಿಲ್ಲ. ವರ್ಗಾವಣೆಗೆ ಬೇರೆ ಅರ್ಜಿ ಕೊಟ್ಟು ದೃಢೀಕರಣ ಪಡೆಯಬೇಕು. ಸರ್ವಿಸ್ ಅವಧಿ ತಪ್ಪಬಾರದು. ಎಣ್ಣೆ ಬದಲಿಸಿದ ಬಿಲ್ಲಿನಲ್ಲಿ ಬರೀ "5ಡಬ್ಲ್ಯು30" ಎಂದಿದ್ದರೆ ಸಾಲದು, ಬಿಎಂಡಬ್ಲ್ಯು ಡೀಸೆಲ್‌ಗೆ ಎಲ್‌ಎಲ್-04, ಮರ್ಸಿಡಿಸ್ ಡೀಸೆಲ್‌ಗೆ 229.51 ಅಥವಾ 229.52, ಆಡಿ ಡೀಸೆಲ್‌ಗೆ 507.00 ಎಂಬ ಅನುಮೋದನೆ ಸಂಖ್ಯೆ, ಓಡೋಮೀಟರ್ ಅಂಕಿ ಎರಡೂ ಇರಲಿ. ಕಾರು ನಿಂತಾಗ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಪರಿಚಿತ ಮೆಕ್ಯಾನಿಕ್ಕಿಗೆ ಬಿಚ್ಚಲು ಹೇಳುವ ಮೊದಲು ವಾರಂಟಿಯವರಿಗೆ ತಿಳಿಸಿ ಅನುಮತಿ ಪಡೆಯಿರಿ. ಮೆಕ್ಯಾನಿಕ್ ಎಷ್ಟೇ ನಿಪುಣನಿರಲಿ, ಮೊದಲೇ ಬಿಚ್ಚಿದ್ದು ಕ್ಲೇಮ್ ತಿರಸ್ಕರಿಸಲು ಸಿಕ್ಕ ಕಾರಣ. ಡ್ಯಾಶ್‌ಬೋರ್ಡಿನ ಎಚ್ಚರಿಕೆ, ಕಿಲೋಮೀಟರ್, ಸಮಯ ಮೂರೂ ಕಾಣುವಂತೆ ವಿಡಿಯೋ ಮಾಡಿ, ಇಂಜಿನ್ ಆಫ್ ಮಾಡಿ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ, ಅದಕ್ಕೇ ಈ ವಿಡಿಯೋ.

ತಿರಸ್ಕರಿಸಿದರೆ ಕಾರಣವನ್ನು ಷರತ್ತಿನ ಸಂಖ್ಯೆ ಸಮೇತ ಬರವಣಿಗೆಯಲ್ಲಿ ಕೇಳಿ. ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಗಡುವು ಎರಡು ವರ್ಷ.

ಕೊನೆಯದಾಗಿ, ವಾರಂಟಿ ಮುಗಿಯಲು 45 ದಿನ ಇರುವಾಗ ಕಾರನ್ನು ಲಿಫ್ಟಿಗೆ ಏರಿಸಿ ಪೂರ್ತಿ ನೋಡಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ. ಟರ್ಬೊ ಪೈಪಿನ ಎಣ್ಣೆ ಜಿನುಗು, ವಾಟರ್ ಪಂಪಿನ ಬುಡದಲ್ಲಿ ಒಣಗಿದ ಕೂಲಂಟಿನ ಬಣ್ಣದ ಗೆರೆ, ಗೇರ್‌ಬಾಕ್ಸಿನಲ್ಲಿ ಉಳಿದ ಹಳೇ ಕೋಡು, ಏನಿದ್ದರೂ ಆಗಲೇ ಬರೆಸಿ ಕ್ಲೇಮ್ ಹಾಕಿ. ಬಿಡಿಭಾಗ ಜರ್ಮನಿಯಿಂದ ಬರಬೇಕಾದರೆ ವಾರಗಳು ಹಿಡಿಯುತ್ತವೆ, ಜಾಬ್ ಕಾರ್ಡಿನ ದಿನಾಂಕ ಮಾತ್ರ ವಾರಂಟಿಯ ಒಳಗಿರಬೇಕು.